ಚಕ್ರದ ಜಾಕು

ಜೀಪು ಜಾಕಿನಿಂದ ಜಾರಿ ಬಿದ್ದಾಗ ಗಂಗಾಮಣಿ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಧಡ್ ಎಂದು ಒಂದು ಸದ್ದು. ಆಮೇಲೆ ಏನೂ ಇಲ್ಲ. ಸದ್ದಿಗಿಂತ ಆಮೇಲಿನ ಮೌನವೇ ಅವಳ ಎದೆಯನ್ನು ಹಿಡಿದುಕೊಂಡಿತು. ತಟ್ಟುತ್ತಿದ್ದ ಕೈ ಹಿಟ್ಟಿನ ಮೇಲೇ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು.

ಮೊದಲು ಕೇಳಿದ್ದು ಸೊಸೆಯ ದನಿ. "ಅತ್ತೆ, ಏನೂ ಆಗಿಲ್ಲ! ಇವ್ರು ಈಚೆನೇ ಅವ್ರೆ!"

ಆದದ್ದು ಇಷ್ಟು. ಮಗ ನಟರಾಜ್ ಜೀಪಿನ ಅಡಿಯಲ್ಲಿ ಅಂಗಾತ ಮಲಗಿ ಸೈಲೆನ್ಸರ್ ಬಿಚ್ಚುತ್ತಿದ್ದ. ಕೆಲಸಕ್ಕೆ ಹೊರಟಿದ್ದ ಅವನ ಹೆಂಡತಿ ಮಾನಸ ಬಸ್ಸಿಗೆ ಚಿಲ್ಲರೆ ಕೇಳಿದಳು. ಜೇಬಿಗೆ ಕೈ ಹಾಕಲು ಅಡಿಯಲ್ಲಿ ಜಾಗವಿರಲಿಲ್ಲವೆಂದು ಅವನು ತೆವಳಿಕೊಂಡು ಈಚೆ ಬಂದ. ಅಷ್ಟರಲ್ಲಿ ಗಾಡಿಯನ್ನು ಎತ್ತಿ ಹಿಡಿದಿದ್ದ, ಬಾಟಲಿಯಂತೆ ನೆಟ್ಟಗೆ ನಿಲ್ಲುವ ಹಳೆಯ ಬಾಟಲ್ ಜಾಕು ಮೆತ್ತಗಿನ ಮಣ್ಣಿನಲ್ಲಿ ಓರೆಯಾಗಿ ಮಲಗಿಬಿಟ್ಟಿತು. ಅವನ ತಲೆ ಇದ್ದ ಜಾಗದಲ್ಲಿ ಈಗ ಜೀಪಿನ ಆಕ್ಸಲ್, ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಿಂಡು, ಕೂತಿತ್ತು.

ಗಂಗಾಮಣಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡಿದಳು. ನಟರಾಜ್ ಬಟ್ಟೆಯ ಮಣ್ಣು ಕೊಡವಿಕೊಂಡು ನಗಲು ನೋಡುತ್ತಿದ್ದ. ಅವನ ತುಟಿ ಬೆಳ್ಳಗಾಗಿತ್ತು. ಮಾನಸ ಅವತ್ತು ಬಸ್ಸು ಹಿಡಿಯಲಿಲ್ಲ.

ಮನೆ ಇದ್ದದ್ದು ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಇಳಿಜಾರಿನ ಮೇಲೆ. ಗಂಗಾಮಣಿಯ ಗಂಡ ಬೋರಯ್ಯ ಮೂವತ್ತೆರಡು ವರ್ಷ ಎಸ್ಟೇಟೊಂದರಲ್ಲಿ ಜೀಪು ಓಡಿಸಿ ನಿವೃತ್ತನಾದವನು. ನಟರಾಜನೂ ಅಲ್ಲೇ ಡ್ರೈವರಾಗಿದ್ದ. ಎರಡು ವರ್ಷದ ಹಿಂದೆ ಅದನ್ನು ಬಿಟ್ಟು, ಅಂಗಳದಲ್ಲೇ ತಗಡು ಇಳಿಸಿಕೊಂಡು ರಿಪೇರಿ ಶುರುಮಾಡಿದ. ಸುತ್ತಿನ ತೋಟದವರ ಜೀಪು, ಪಿಕಪ್ಪುಗಳು ಬರುತ್ತಿದ್ದವು. ಮಾನಸ ಸಕಲೇಶಪುರದಲ್ಲಿ ಅಮೀನ್ ಸಾಬರ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದಳು. ನಾಲ್ಕು ವರ್ಷದಲ್ಲಿ ಯಾವ ಗಾಡಿಗೆ ಯಾವ ಬೋಲ್ಟು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಸಂಜೆ ಮುದ್ದೆಗೆ ಕೂತಾಗ ಮಾತು ಹೊತ್ತಿಕೊಂಡಿತು.

"ಆ ಬಾಟಲ್ ಜಾಕ್ ಇನ್ನು ಅಂಗಳಕ್ಕೆ ಬರೋ ಹಂಗಿಲ್ಲ," ಎಂದಳು ಮಾನಸ.

"ಮೂವತ್ತೆರಡು ವರ್ಸ ಅದ್ರಲ್ಲೇ ಗಾಡಿ ಎತ್ತಿವ್ನಿ," ಎಂದ ಬೋರಯ್ಯ. "ಬಿಸಿಲೆ ಘಾಟೀಲಿ ಸುರಿಯೋ ಮಳೇಲಿ ನಿಂತ್ಕಂಡು ಟೈರ್ ಬದಲಾಯ್ಸಿವ್ನಿ."

"ಟೈರ್ ಬದಲಾಯ್ಸೋಕೆ ಅದು ಸರಿ ಮಾವ. ಅಡಿ ಮಲಗೋಕಲ್ಲ."

"ನಾನು ಮಲಗಿಲ್ವಾ?"

"ಮಲಗಿದ್ರಿ, ಎದ್ದೂ ಬಂದ್ರಿ. ನಿಮ್ಮ ಪುಣ್ಯ. ಪುಣ್ಯ ನಮ್ಮ ಅಂಗಡೀಲಿ ಸಿಗಲ್ಲ, ಚಕ್ರದ ಟ್ರಾಲಿ ಜಾಕ್ ಸಿಗುತ್ತೆ."

ನಟರಾಜ್ ನಕ್ಕುಬಿಟ್ಟ. ಬೋರಯ್ಯ ಅವನತ್ತ ದುರುಗುಟ್ಟಿದ. "ನಗು. ಹೆಂಡ್ತಿ ಮಾತಿಗೆ ನಗು. ಮಣ್ಣು ಮೆತ್ತಗಿದ್ರೆ ಅಡಿಗೆ ಹಲಗೆ ಕೊಡ್ಬೇಕು ಅಂತ ಎಷ್ಟು ಸಲ ಬಡ್ಕಂಡಿವ್ನಿ?"

"ಕೊಟ್ಟಿದ್ದೆ ಕಣಪ್ಪ. ಹಲಗೇನೂ ಜಾರ್ತು."

ಗಂಗಾಮಣಿ ಸಾರು ಬಡಿಸುತ್ತಿದ್ದಳು. ಅವಳ ಕಣ್ಣಿನ ಮುಂದೆ ಆಕ್ಸಲ್ ಕೂತಿದ್ದ ಜಾಗವೇ ಇತ್ತು. ಮಗನ ತಟ್ಟೆಗೆ ಎರಡನೆಯ ಮುದ್ದೆ ಇಟ್ಟಳು, ಅವನು ಬೇಡ ಎಂದರೂ.

ಅವತ್ತಿನಿಂದ ಅವಳಿಗೆ ಒಂದು ಚಾಳಿ ಅಂಟಿಕೊಂಡಿತು. ನಟರಾಜ್ ಗಾಡಿಯ ಹತ್ತಿರ ಬಗ್ಗಿದರೆ ಸಾಕು, ಒಳಗಿನಿಂದ ಕೂಗುತ್ತಿದ್ದಳು. "ಕಾಫಿ ಬೇಕೇನೋ?"

"ಈಗ್ ತಾನೆ ಕುಡಿದ್ನಲ್ಲವ್ವ."

ಐದು ನಿಮಿಷ ಬಿಟ್ಟು, "ನೀರು ಬೇಕೇನೋ?"

"ಬ್ಯಾಡ ಕಣವ್ವ."

ಅವಳಿಗೆ ಬೇಕಾದದ್ದು ಉತ್ತರವಲ್ಲ, ದನಿ. ಅದು ಅವನಿಗೆ ಗೊತ್ತಾಯಿತೋ ಏನೋ, ಒಂದು ದಿನವೂ ಸಿಡುಕಲಿಲ್ಲ. ಕೂಗಿದಾಗಲೆಲ್ಲ, ಬಾಯಲ್ಲಿ ಬೋಲ್ಟು ಕಚ್ಚಿಕೊಂಡಿದ್ದರೂ, ಊಂ ಎಂದಾದರೂ ಅನ್ನುತ್ತಿದ್ದ.

ಜಾಕು ನೋಡಲು ಹೋಗುವ ದಿನ ಗಂಗಾಮಣಿ ತಾನೂ ಬರುತ್ತೇನೆಂದಳು. ಬೋರಯ್ಯ, "ಸೀರೆ ಅಂಗ್ಡಿ ಅಲ್ಲ ಕಣೆ ಅದು," ಎಂದು ಅಣಕಿಸಿದ. ತಾನು ಮಾತ್ರ ಬರಲಿಲ್ಲ.

ಅಮೀನ್ ಸಾಬರು ಅವಳನ್ನು ಕಂಡ ಕೂಡಲೇ ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಕೂತ್ಕಳಿ ಅಕ್ಕ. ಮಗನ ಜೀವಕ್ಕೆ ಸಾಮಾನು ತಗಳೋಕೆ ತಾಯಿ ಬರೋದು ಸರಿಯೇ." ಆಮೇಲೆ ಎರಡು ಜಾಕು ನೆಲಕ್ಕೆ ಇಳಿಸಿದರು. ಎರಡಕ್ಕೂ ನಾಲ್ಕು ಕಬ್ಬಿಣದ ಚಕ್ರ, ಉದ್ದ ಹಿಡಿಕೆ, ಮುಂದೆ ತೋಳಿನಂಥದ್ದು, ತೋಳಿನ ತುದಿಗೆ ಒಂದು ಬಟ್ಟಲು. ಗಾಡಿಯ ಭಾರ ಕೂರುವುದು ಆ ಬಟ್ಟಲಿನಲ್ಲಿ. ಒಂದು ಚಿಕ್ಕದು, ಒಂದು ದೊಡ್ಡದು.

ನಟರಾಜ್ ಚಿಕ್ಕದನ್ನು ಒಂದೇ ಕೈಯಲ್ಲಿ ಎತ್ತಿದ. "ಇದೇ ಸಾಕು. ಎರಡು ಟನ್ ಎತ್ತುತ್ತೆ. ಜೀಪು ಅಷ್ಟು ತೂಗಲ್ಲ."

ಮಾನಸ ಟೇಪು ತೆಗೆದು ನೆಲದಿಂದ ಬಟ್ಟಲಿನವರೆಗೆ ಅಳೆದಳು. ಹಿಡಿಕೆಯನ್ನು ಹೊಡೆದು ಹೊಡೆದು ತೋಳನ್ನು ತುದಿಯವರೆಗೆ ಏರಿಸಿ ಮತ್ತೆ ಅಳೆದಳು. "ಟನ್ ಒಂದನ್ನೇ ನೋಡಿದ್ರೆ ಆಗಲ್ಲ. ಇದು ಏರೋದು ಇಷ್ಟೇ. ಜೀಪು ಎತ್ತರ, ಮಾರುತಿ ತಗ್ಗು. ಜೀಪಿಗೆ ಇದು ಮುಟ್ಟೋ ಹೊತ್ಗೆ ಇದ್ರ ಉಸಿರು ಮುಗಿದಿರುತ್ತೆ. ಆಮೇಲೆ ನೀವು ಬಟ್ಟಲಿನ ಮೇಲೆ ಮರದ ತುಂಡು ಇಡ್ತೀರಾ. ಅದು ಜಾರುತ್ತೆ."

"ಇಡಲ್ಲ ಕಣೆ."

"ಇಡ್ತೀರಾ. ನಂಗೊತ್ತಿಲ್ವಾ?"

ಅಮೀನ್ ಸಾಬರು ನಕ್ಕರು. "ಹುಡುಗಿ ಹೇಳೋದು ಕೇಳಪ್ಪ. ದೊಡ್ಡದೇ ತಗೋ. ಜೊತೆಗೆ ಎರಡು ಸ್ಟ್ಯಾಂಡ್. ಸ್ಟ್ಯಾಂಡ್ ಇಲ್ದೆ ನಿಮ್ಮನೆಗೆ ನಾನು ಜಾಕ್ ಕೊಡಲ್ಲ. ಜಾಕ್ ಇರೋದು ಎತ್ತೋಕೆ. ಹೊತ್ಕಂಡು ನಿಲ್ಲೋಕೆ ಸ್ಟ್ಯಾಂಡು. ಇನ್ನೊಂದು, ಇದನ್ನ ಮಣ್ಣಲ್ಲಿ ಇಡಬ್ಯಾಡಿ, ಸಿಮೆಂಟು ಹಾಕ್ಸಿ."

ಗಂಗಾಮಣಿ ಆಗಿನಿಂದ ನೋಡುತ್ತಿದ್ದದ್ದು ಆ ಚಕ್ರಗಳನ್ನು. "ಸಾಬ್ರೆ, ಗಾಡಿ ಹೊರೋ ವಸ್ತುಗೆ ಚಕ್ರ ಯಾಕೆ?"

"ಓಡಾಡ್ಸೋಕೆ ಅಕ್ಕ. ಬಲು ಭಾರ, ಕೈಲಿ ಹೊರೋಕಾಗಲ್ಲ," ಎಂದರು ಅಮೀನ್ ಸಾಬರು. ಅವಳು ತಲೆಯಾಡಿಸಿದಳು. ಆದರೆ ಒಪ್ಪಿಗೆಯಾಗಲಿಲ್ಲ. ಅವಳು ಹುಟ್ಟಿ ಬೆಳೆದ ಈ ಏರುತಗ್ಗಿನ ಸೀಮೆಯಲ್ಲಿ ಚಕ್ರವಿರುವ ಯಾವುದನ್ನೂ ಕಲ್ಲು ಕೊಡದೆ ನಿಲ್ಲಿಸುವವರಿಲ್ಲ. ಗಾಡಿ ನಿಂತರೆ ಮೊದಲು ಇಳಿದವನು ಒಂದು ಕಲ್ಲು ಹುಡುಕಿ ಚಕ್ರಕ್ಕೆ ಕೊಡಬೇಕು. ತಳ್ಳುಗಾಡಿಯವನೂ ಕೊಡುತ್ತಾನೆ, ಲಾರಿಯವನೂ ಕೊಡುತ್ತಾನೆ.

ಜಾಕು ಬಸ್ಸಿನಲ್ಲಿ ಬಂತು. ಕಂಡಕ್ಟರು ಲಗೇಜು ಎಂದು ಗೊಣಗಿದವನು, ಊರ ನಿಲುಗಡೆಯಲ್ಲಿ ತಾನೇ ಒಂದು ಕಡೆ ಹಿಡಿದು ಇಳಿಸಿಕೊಟ್ಟು, "ಕಾಲ್ಮೇಲೆ ಹಾಕ್ಕಂಡೀಯಮ್ಮ, ಜ್ವಾಕೆ," ಎಂದು ಸೀಟಿ ಊದಿದ.

ಮರುವಾರ ಅಂಗಳದಲ್ಲಿ ಸಿಮೆಂಟು ಬಿತ್ತು. ಮಟ್ಟಗೋಲು ಹಿಡಿದು ಕೂತವನು ಬೋರಯ್ಯ. "ಜಾಕಿಗೆ ಒಂದು ಹಾಸಿಗೆ ಬೇರೆ," ಎಂದು ಗೊಣಗುತ್ತಲೇ ಕೂದಲೆಳೆಯಷ್ಟು ಓರೆ ಬಾರದಂತೆ ನೆಲ ಮಾಡಿಸಿದ. ಎರಡು ವಾರ ನೆನೆಯಬೇಕು, ಅಲ್ಲಿಯವರೆಗೆ ಗಾಡಿ ಹತ್ತಿಸುವಂತಿಲ್ಲ ಎಂದಾಯಿತು. ನೀರು ಕುಡಿಸುವ ಕೆಲಸ ಗಂಗಾಮಣಿಯದು. ಗೋಣಿಚೀಲ ಹಾಸಿ, ಹೊತ್ತಿಗೆ ನಾಲ್ಕು ಬಿಂದಿಗೆ ಸುರಿಯುತ್ತಿದ್ದಳು. ಆ ಎರಡು ವಾರ ಅವಳು ನೆಮ್ಮದಿಯಾಗಿ ಉಂಡಳು. ನಟರಾಜ್ ಬಾನೆಟ್ಟು ತೆಗೆದು ಮೇಲಿನ ಕೆಲಸ ಮಾತ್ರ ಮಾಡುತ್ತಿದ್ದ. ಯಾರೂ ಅಡಿಗೆ ಹೋಗುವಂತಿರಲಿಲ್ಲ.

ಎರಡು ವಾರ ಮುಗಿಯಿತು. "ಇನ್ನೂ ಹಸೀನೇ ಐತೆ ಕಣೋ," ಎಂದಳು. "ಇನ್ನು ನಾಕು ದಿನ ಕುಡೀಲಿ."

"ಸಾಕು ಕಣವ್ವ. ಕಲ್ಲಾಗೈತೆ."

"ನಿಂಗೇನ್ ಗೊತ್ತು? ಮುಟ್ಟಿ ನೋಡು, ತಣ್ಣಗೈತೆ."

ಅದು ತಣ್ಣಗಿದ್ದದ್ದು ಅವಳು ಬೆಳಿಗ್ಗೆ ಸುರಿದ ನೀರಿಗೆ. ಮೂರನೆಯ ದಿನ ಅವಳು ಬಿಂದಿಗೆ ಹಿಡಿದು ಹೋದರೆ ಗೋಣಿಚೀಲ ಆಗಲೇ ನೆನೆದಿತ್ತು. ಬೋರಯ್ಯ ಬಚ್ಚಲ ಹತ್ತಿರ ಖಾಲಿ ಬಕೆಟ್ಟು ಮಗುಚಿ ಇಡುತ್ತಿದ್ದ. ಹೆಂಡತಿಯನ್ನು ನೋಡಿ, "ಏನ್ ನೋಡ್ತೀಯ? ಕಾಲು ತೊಳ್ಕಂಡೆ," ಎಂದ. ಅವನ ಕಾಲು ಒಣಗಿತ್ತು. ಅವಳು ಒಳಗೆ ಹೋಗಿ ಅವನ ಕಾಫಿಗೆ ಒಂದು ಚಮಚ ಬೆಲ್ಲ ಜಾಸ್ತಿ ಹಾಕಿದಳು.

ತಡೆಯಲು ನೆವಗಳೆಲ್ಲ ಮುಗಿದವು. ಕಾಫಿ ಕುಯ್ಲು ಶುರುವಾಗುವ ಹೊತ್ತು. ಪಕ್ಕದ ತೋಟದ ರವಿಚಂದ್ರನ ಜೀಪು ಬಂದು ನಿಂತಿತು. ಕ್ಲಚ್ ಹಿಡಿಯುತ್ತಿರಲಿಲ್ಲ; ಗೇರ್‌ಬಾಕ್ಸ್ ಇಳಿಸಬೇಕು, ಅಂದರೆ ಅಡಿಯಲ್ಲಿ ಮಲಗಿ ದಿನವಿಡೀ ಕೆಲಸ. "ಆಳು ಕರ್ಕಂಬರಕ್ಕೆ ಬೇರೆ ಗಾಡಿ ಇಲ್ಲ ನಟ. ಆದ್ರೂ ಅವಸರ ಮಾಡ್ಬ್ಯಾಡ," ಎಂದ ರವಿಚಂದ್ರ. ಹೋಗುವಾಗ ತೋಟದ ಕಿತ್ತಳೆ ಒಂದು ಚೀಲ ಜಗುಲಿಯ ಮೇಲಿಟ್ಟು ಹೋದ.

ಭಾನುವಾರ ಹೊಸ ಜಾಕು ಬಳಸುವುದನ್ನು ತೋರಿಸಲು ಮಾನಸ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಜೀಪಿನ ಹಿಂದಿನ ಎರಡು ಚಕ್ರಕ್ಕೂ ಬೋರಯ್ಯ ಕಲ್ಲು ಕೊಟ್ಟ. ನಟರಾಜ್ ಮುಂದಿನ ಆಕ್ಸಲಿನ ಅಡಿಗೆ ಜಾಕು ನೂಕಿದ. ಹಿಡಿಕೆ ಒತ್ತಿದಂತೆ ಜೀಪಿನ ಮೂತಿ ಏರತೊಡಗಿತು. ಗಂಗಾಮಣಿ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಎರಡು ಗೇಣು ಎದ್ದಿರಬೇಕು, ಆಗ ಅವಳು ಅದನ್ನು ಕಂಡಳು. ಜಾಕು ಚಲಿಸುತ್ತಿತ್ತು. ಯಾರೂ ಮುಟ್ಟಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಅಷ್ಟು ಭಾರ ಹೊತ್ತುಕೊಂಡು ಆ ಕಬ್ಬಿಣದ ಚಕ್ರಗಳು ತಾವೇ ತಾವಾಗಿ, ಇರುವೆ ಹರಿದಂತೆ, ಜೀಪಿನ ಒಳಕ್ಕೆ ಉರುಳುತ್ತಿದ್ದವು.

"ಅಯ್ಯೋ, ಹೋಯ್ತು, ಹೋಯ್ತು!" ಎಂದು ಚೀರಿ ಅವಳು ಒಳಕ್ಕೆ ಓಡಿದಳು. ಹಿತ್ತಲ ಬಾಗಿಲಿಗೆ ಹೋಗಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ನಿಂತಳು. ಅಂಗಳದಲ್ಲಿ ಮಾನಸ ಏನೋ ವಿವರಿಸುತ್ತಿದ್ದಳು, ಗಂಡಸರು ಹೂಂಗುಟ್ಟುತ್ತಿದ್ದರು. ಅದೊಂದೂ ಇವಳಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾನಸ ಬಂದು ಅವಳ ಬೆನ್ನು ಸವರಿ, "ಇಳಿಸಿಬಿಟ್ವಿ ಅತ್ತೆ. ಹೆದ್ರಬೇಡಿ, ಅದು ಹಂಗೇ," ಎಂದಳು.

ಅದು ಹಂಗೇ ಎಂದರೆ ಏನು? ಗಂಗಾಮಣಿ ಕೇಳಲಿಲ್ಲ. ಓದಿದ ಸೊಸೆ, ಮತ್ತೆ ಮತ್ತೆ ಕೇಳಿದರೆ ಏನೆಂದುಕೊಂಡಾಳು ಎಂಬ ಸಂಕೋಚ. ಮೂರು ದಿನ ಅವಳ ಕಣ್ಣಿಗೆ ಉರುಳುವ ಆ ಚಕ್ರಗಳೇ ಬಂದವು. ಅಕ್ಕಿ ಆರಿಸುವಾಗ ಬಂದವು, ಪಾತ್ರೆ ಬೆಳಗುವಾಗ ಬಂದವು.

ಬುಧವಾರ ಮಾನಸ ಕೆಲಸಕ್ಕೆ ಹೋಗಿದ್ದಳು. ನಟರಾಜ್ ಜೀಪಿನ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕನ್ನು ಒಳಗೆ ನೂಕಿ, ಬಟ್ಟಲು ಆಕ್ಸಲಿಗೆ ತಾಕುವವರೆಗೆ ಎತ್ತಿ, ಸ್ಟ್ಯಾಂಡುಗಳನ್ನು ಪಕ್ಕಕ್ಕೆ ತಂದಿಟ್ಟುಕೊಂಡ. ಅಷ್ಟರಲ್ಲಿ ಫೋನು ಬಂತು. ಅಂಗಳದಲ್ಲಿ ಸಿಗ್ನಲ್ ಸಿಗದೆಂದು ಅವನು ರಸ್ತೆಯ ಕಡೆ ನಡೆದ. ಬೋರಯ್ಯ ತಗಡಿನ ಹಿಂದೆ ಸ್ಪ್ಯಾನರ್ ಒರೆಸುತ್ತಿದ್ದ.

ಗಂಗಾಮಣಿ ಅಂಗಳಕ್ಕಿಳಿದಳು. ಬೇಲಿಯ ಬುಡದಲ್ಲಿ ಚಪ್ಪಟೆಯಾದ ಎರಡು ಕಲ್ಲು ಆರಿಸಿದಳು. ಜೀಪಿನ ಮುಂದೆ ಕೂತಳು. ಜಾಕಿನ ಮುಂದಿನ ಚಕ್ರಗಳು ಇದ್ದದ್ದು ಒಳಗೆ, ಆಕ್ಸಲಿನ ನೆರಳಿನಲ್ಲಿ. ಅವಳು ಜೀವಮಾನದಲ್ಲಿ ಗಾಡಿಯ ಅಡಿಗೆ ಕೈ ಹಾಕಿದವಳಲ್ಲ. ಕಣ್ಣು ಮುಚ್ಚಿಕೊಂಡು ಒಂದು ಕಲ್ಲು ಕೊಟ್ಟಳು. ಉಸಿರು ಬಿಟ್ಟು, ಮತ್ತೆ ಕಣ್ಣು ಮುಚ್ಚಿಕೊಂಡು ಇನ್ನೊಂದು ಕೊಟ್ಟಳು. ಅಂಗೈಯಿಂದ ಗುದ್ದಿ ಬಿಗಿ ಮಾಡಿದಳು. ಇನ್ನು ಅದೆಲ್ಲಿಗೆ ಹೋಗುತ್ತದೋ ನೋಡೋಣ ಎಂದುಕೊಂಡು ಜಗುಲಿಗೆ ಬಂದು ಮೊರ ಹಿಡಿದು ಕೂತಳು. 

ನಟರಾಜ್ ಬಂದ. ಹಿಡಿಕೆ ಒತ್ತತೊಡಗಿದ. ಜೀಪು ಏರಿತು. ಈ ಸಲ ಜಾಕು ಕದಲಲಿಲ್ಲ. ಗಂಗಾಮಣಿ ಅದನ್ನೇ ನೋಡುತ್ತಿದ್ದಳು, ಕದಲಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಿರ್ ಎಂಬ ಸದ್ದು ಒಂದೆರಡು ಸಲ ಬಂತು. ಸಾಕಷ್ಟು ಎತ್ತರವಾದ ಮೇಲೆ ನಟರಾಜ್ ಒಂದು ಸ್ಟ್ಯಾಂಡು ಹಿಡಿದು, ಮಂಡಿಯೂರಿ, ಭುಜ ಒಳಗೆ ಹಾಕಿ ಬಗ್ಗಿದ.

ಬೋರಯ್ಯ ಸ್ಪ್ಯಾನರ್ ಹಿಡಿದು ಈಚೆ ಬಂದವನು ಜಾಕಿನತ್ತ ನೋಡಿದ. ಆಕ್ಸಲು ಬಟ್ಟಲಿನ ನಡುವೆ ಇರಲಿಲ್ಲ. ಅಂಚಿನಲ್ಲಿ, ಉಗುರಿನಷ್ಟು ಜಾಗದಲ್ಲಿ ಕೂತಿತ್ತು.

"ಲೋ, ಬಾರೋ ಈಚೆ!"

ಕೂಗುತ್ತಲೇ ಮಗನ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದ. ಅಂಗಿ ಪರ್ರೆಂದು ಹರಿಯಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಜೀಪು ಬಿತ್ತು. ಜಾಕು ಈಚೆಗೆ ಚಿಮ್ಮಿ ಸಿಮೆಂಟನ್ನು ಕಿತ್ತು ಗೋಡೆಗೆ ಬಡಿಯಿತು. ಸ್ಟ್ಯಾಂಡೂ ಕಲ್ಲುಗಳೂ ಎತ್ತಲೋ ಉರುಳಿದವು.

ಗಂಗಾಮಣಿಯ ಕೈಯಲ್ಲಿದ್ದ ಮೊರ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಮಗನ ಎರಡು ಕೈಯನ್ನೂ ಹಿಡಿದು ಬೆರಳು ಬೆರಳನ್ನೇ ಮುಟ್ಟಿ ನೋಡುತ್ತಿದ್ದಳು. ಎಲ್ಲವೂ ಇದ್ದವು. ಬೋರಯ್ಯನ ಮೊಣಕೈ ಸುಲಿದು ರಕ್ತ ಇಳಿಯುತ್ತಿತ್ತು. ಅವನು ಅದನ್ನು ನೋಡಿಕೊಳ್ಳದೆ ಹರಿದ ಅಂಗಿಯ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಕಲ್ಲುಗಳು ಸಣ್ಣವಾಗಿದ್ದವು, ಅದಕ್ಕೇ ತಡೆಯಲಿಲ್ಲ ಎಂದುಕೊಂಡಳು ಗಂಗಾಮಣಿ. ಇನ್ನೂ ದೊಡ್ಡ ಕಲ್ಲು ಕೊಡಬೇಕಿತ್ತು.

ಮಾನಸ ಸಂಜೆ ಬಸ್ಸಿಳಿದು ಬಂದಾಗ ಬೋರಯ್ಯ ಅಟ್ಟದಿಂದ ಹಳೆಯ ಬಾಟಲ್ ಜಾಕು ಇಳಿಸಿ ಒರೆಸುತ್ತಿದ್ದ.

"ಏನ್ ಮಾವ ಇದು?"

"ನಿನ್ನ ಜಾಕು ನನ್ನ ಮಗನ್ನ ತಿಂದು ಹಾಕ್ತಿತ್ತು ಕಣಮ್ಮ. ಅಷ್ಟೇ."

ಅವಳು ಬ್ಯಾಗು ಅಲ್ಲೇ ಇಟ್ಟು ಜಾಕಿನ ಹತ್ತಿರ ಕೂತಳು. ಎಣ್ಣೆ ಸೋರಿರಲಿಲ್ಲ, ತೋಳು ಬಾಗಿರಲಿಲ್ಲ. ಜೀಪಿನಡಿಗಿಟ್ಟು ಒಂದು ಗೇಣು ಎತ್ತಿ ಕಾದಳು, ನೂಲಿನಷ್ಟೂ ಇಳಿಯಲಿಲ್ಲ.

"ಬಟ್ಟಲು ಎಲ್ಲಿಗೆ ಕೊಟ್ಟಿದ್ರಿ?"

"ನೀನು ತೋರ್ಸಿದ ಜಾಗಕ್ಕೇ," ಎಂದ ನಟರಾಜ್.

"ಇರಕ್ಕಿಲ್ಲ. ಅಂಚಿಗೆ ಕೊಟ್ಟಿರ್ತೀರ."

"ಅಂದ್ರೆ ನಾನು ಸುಳ್ಳು ಹೇಳ್ತಿವ್ನಾ? ಸಾಯ್ತಿದ್ದೋನು ನಾನು ಕಣೆ!"

"ನಾನು ಹಂಗಂದ್ನಾ?"

"ಅಂಗ್ಡೀಲಿ ಡಬ್ಬ ಎತ್ತಿಡೋರಿಗೆಲ್ಲ ಮೆಕ್ಯಾನಿಕ್ಕು ಬರಲ್ಲ."

ಅವಳ ಮುಖ ಸಣ್ಣಗಾಯಿತು. "ಸರಿ. ಬರಲ್ಲ. ಆದ್ರೆ ನೀವು ಆ ಬಾಟಲ್ ಜಾಕ್ ಹಾಕ್ಕೊಂಡು ಅಡಿಗೆ ಹೋದ ದಿನ ನಾನು ಅಮ್ಮನ ಮನೆಗೆ ಹೋಗ್ತೀನಿ. ಈ ಅಂಗಳದಲ್ಲಿ ಅದನ್ನ ನೋಡ್ಕೊಂಡು ನಾನು ಇರಲ್ಲ."

ಆ ಮೇಲಿನ ದಿನಗಳು ಕೆಟ್ಟವು. ಮಾನಸ ಬೆಳಿಗ್ಗೆ ಬರೀ ಕಾಫಿ ಕುಡಿದು ಹೋಗುತ್ತಿದ್ದಳು. ಅವಳ ಡಬ್ಬಿ ಹೋದಂತೆಯೇ ವಾಪಸು ಬರುತ್ತಿತ್ತು. ಗಂಗಾಮಣಿ ಅವಳಿಗೆಂದು ಕಡುಬು ಬೇಯಿಸಿದರೆ ಅರ್ಧ ಮುರಿದು ಎದ್ದುಬಿಟ್ಟಳು. ನಟರಾಜ್ ಜೀಪಿನ ಸುತ್ತ ಸುತ್ತಾಡುತ್ತಿದ್ದ, ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಶನಿವಾರ ರವಿಚಂದ್ರ ಫೋನು ಮಾಡಿ, ಬೈಯದೆ, "ಸೋಮ್ವಾರ ಆದೀತಾ?" ಎಂದು ಕೇಳಿದ. ನಟರಾಜ್ ಫೋನಿಟ್ಟು ಬಾಟಲ್ ಜಾಕನ್ನು ಎಳೆದುಕೊಂಡ.

"ನಾಳೆ ಹಾಕ್ತೀನಿ ಕಣಪ್ಪ. ದಪ್ಪ ಹಲಗೆ ಹುಡುಕು."

ಗಂಗಾಮಣಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

ಭಾನುವಾರ ಹತ್ತು ಗಂಟೆಗೆ ಅಂಗಳದಲ್ಲಿ ಆಟೋ ನಿಂತಿತು. ಇಳಿದವರು ಅಮೀನ್ ಸಾಬರು. ಅಂಗಡಿಯಲ್ಲಿ ಮಾನಸಳ ಮುಖ ನೋಡಿ ವಿಷಯ ಕೇಳಿ ತಿಳಿದುಕೊಂಡಿದ್ದರಂತೆ.

"ನಿಮಗೆ ಅದ್ರ ಮೇಲೆ ನಂಬಿಕೆ ಇಲ್ದಿದ್ರೆ ನಾನು ತಗಂಡೋಗ್ತೀನಿ ಬೋರಣ್ಣ. ದುಡ್ಡು ಪೂರಾ ವಾಪಸ್. ಆದ್ರೆ ಒಂದ್ಸಲ ನೋಡ್ತೀನಿ. ನಮ್ಮ ಹುಡುಗಿ ನಾಕು ದಿನದಿಂದ ಗಿರಾಕಿಗೆ ಜಾಕು ತೋರ್ಸೋಕೇ ಹೆದರ್ತಾ ಅವ್ಳೆ."

ಬೋರಯ್ಯ ಜಗುಲಿಯ ಮೇಲೆ ಜಾಗ ಬಿಟ್ಟುಕೊಟ್ಟ. ಅಮೀನ್ ಸಾಬರು ಕೂರಲಿಲ್ಲ. ಪಂಚೆ ಮೇಲೆ ಕಟ್ಟಿ, ಬಗ್ಗಿ ಬಟ್ಟಲು ನೋಡಿದರು. ಅದರ ಅಂಚಿನಲ್ಲಿ ಉಜ್ಜಿದ ಹೊಸ ಗೀರು ಇತ್ತು. ಅದರ ಮೇಲೆ ಬೆರಳಾಡಿಸಿದರು.

"ಇದು ಎಳಕಂಡು ಬಂದಿರೋ ಗುರುತು. ಜಾಕು ಮುಂದಕ್ಕೆ ಹೋಗಿಲ್ಲ."

"ಹೋಗ್ಬಾರ್ದಲ್ಲ?" ಎಂಬ ಮಾತು ಗಂಗಾಮಣಿಯ ಬಾಯಿಂದ ತಾನಾಗಿ ಬಂತು.

"ಹೋಗ್ಲೇಬೇಕು ಅಕ್ಕ," ಎಂದರು ಅವರು. ತಮ್ಮ ತೋಳನ್ನೇ ಚಾಚಿ, ಮೊಣಕೈಯಿಂದ ಮೇಲಕ್ಕೆ ಎತ್ತಿ ತೋರಿಸಿದರು. "ನೋಡಿ, ಕೈ ಮೇಲಕ್ಕೆ ಹೋಗ್ತಾ ಹೋಗ್ತಾ ಅಂಗೈ ನನ್ನ ಕಡೆಗೆ ಬರುತ್ತೆ. ಜಾಕಿನ ತೋಳೂ ಹಂಗೇ. ಗಾಡಿ ಕದಲಲ್ಲ, ಅದಕ್ಕೆ ಕಲ್ಲು ಕೊಟ್ಟಿರ್ತೀವಿ. ಹಂಗಾಗಿ ಜಾಕೇ ಒಂದೊಂದು ಹೆಜ್ಜೆ ಒಳಗೆ ಹೋಗ್ಬೇಕು. ಚಕ್ರ ಇರೋದು ಅದಕ್ಕೇ. ಯಾರಾದ್ರೂ ಅದನ್ನ ತಡೆದ್ರೆ ಬಟ್ಟಲು ಜಾರಿ ಗಾಡಿ ಬೀಳುತ್ತೆ."

ಗಂಗಾಮಣಿಗೆ ಅಂಗಳವೆಲ್ಲ ದೂರ ಸರಿದಂತಾಯಿತು.  ಅಂಗೈಯಿಂದ ಗುದ್ದಿ ಬಿಗಿ ಮಾಡಿದ್ದಳಲ್ಲ.

"ಮಣ್ಣಾದ್ರೆ ಹೂತ್ಕಳುತ್ತೆ. ಇಲ್ಲಿ ಸಿಮೆಂಟೈತೆ," ಎನ್ನುತ್ತಿದ್ದರು ಅಮೀನ್ ಸಾಬರು. "ಯಾಕೆ ನಿಂತಿತು ಅಂತ ನಂಗೂ ತಿಳೀತಿಲ್ಲ. ನನ್ನ ಮಾಲಿನ ತಪ್ಪೇ ಇರ್ಬಹುದು. ಬಿಡಿ, ಆಟೋಗೆ ಹಾಕಿ."

ನಟರಾಜ್ ಜಾಕಿನ ಹಿಡಿಕೆಗೆ ಕೈ ಹಾಕಿದ. ಮಾನಸ ಯಾರ ಮುಖವನ್ನೂ ನೋಡದೆ ನೆಲ ನೋಡುತ್ತಿದ್ದಳು. ಬಾಟಲ್ ಜಾಕು, ಒರೆಸಿ ಎಣ್ಣೆ ಹಚ್ಚಿದ್ದು, ಜೀಪಿನ ಪಕ್ಕದಲ್ಲಿ ಕಾದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆಟೋ ಹೋಗುತ್ತದೆ. ಮಗ ಹಲಗೆ ಇಟ್ಟು ಅದರಡಿಗೆ ಹೋಗುತ್ತಾನೆ.

"ನಿಲ್ಲಿ," ಎಂದಳು ಗಂಗಾಮಣಿ. ದನಿ ಅವಳದೇ ಎನಿಸಲಿಲ್ಲ. "ನಾನು ಕಲ್ಲು ಕೊಟ್ಟಿದ್ದೆ."

"ಎಲ್ಲಿಗೆ?" ಎಂದ ನಟರಾಜ್.

"ಜಾಕಿನ ಚಕ್ರಕ್ಕೆ. ಎರಡೂ ಚಕ್ರಕ್ಕೆ. ನೀನು ಫೋನಿಗೆ ಹೋಗಿದ್ಯಲ್ಲ ಆವಾಗ. ಅವತ್ತು ಅದು ತಾನಾಗೇ ಹೋಯ್ತು... ನಂಗೆ ಭಯ ಆಗ್ಬುಡ್ತು ಕಣೋ." ಅವಳು ಕೂತುಬಿಟ್ಟಳು. "ನಾನೇ ಕೊಲ್ತಿದ್ದೆ. ನಾನೇ ನಿನ್ನ..."

 ಮೊದಲು ಮಾತಾಡಿದವಳು ಮಾನಸ.  "ನಾಲ್ಕು ದಿನ ಅತ್ತೆ. ನನ್ನಿಂದಲೇ ಇವ್ರು ಸಾಯ್ತಿದ್ರು ಅಂತ ನಾಲ್ಕು ದಿನ ಅನ್ನ ಇಳಿದಿಲ್ಲ ನಂಗೆ. ನೀವು ಬಾಯೇ ಬಿಡ್ಲಿಲ್ಲ."

"ತಪ್ಪು ಅಂತ ಗೊತ್ತಿರ್ಲಿಲ್ಲ ಕಣೆ ತಾಯಿ. ಕಲ್ಲು ಸಣ್ಣದಾಯ್ತು ಅಂದ್ಕಂಡಿದ್ದೆ."

ಬೋರಯ್ಯ ಬಾಯಿ ತೆರೆದ. ಎಲ್ಲರೂ ಅವನು ಗದರುತ್ತಾನೆಂದು ನೋಡಿದರು. ಅವನು ಮೊಣಕೈಯ ಗಾಯದ ಹಕ್ಕಳೆ ಸವರಿಕೊಂಡು, "ಹೋದ್ ಭಾನ್ವಾರ ಅದು ಉರುಳಿದ್ ನೋಡಿ ನನ್ನ ಕೈಯೂ ಕಲ್ಲಿಗೆ ಹೋಗಿತ್ತು," ಎಂದ. "ಸೊಸೆ ಅಲ್ಲೇ ನಿಂತು ಹೇಳಿದ್ಕೆ ಬಿಟ್ಟೆ. ಚಕ್ರ ಕಂಡ್ರೆ ಯಾರ್ ಕೊಡಲ್ಲ?"

"ತಪ್ಪು ನಂದೂ ಐತೆ," ಎಂದರು ಅಮೀನ್ ಸಾಬರು. "ಅಕ್ಕ ಅಂಗಡೀಲೇ ಕೇಳಿದ್ರು, ಚಕ್ರ ಯಾಕೆ ಅಂತ. ನಾನು ಅರ್ಧ ಹೇಳಿ ಕಳ್ಸಿದೆ."

ನಟರಾಜ್ ಜಾಕಿನ ಹಿಡಿಕೆ ಬಿಟ್ಟು ಎದ್ದ. ಹೆಂಡತಿಯ ಕಡೆ ಒಂದು ಸಲ ನೋಡಿದ. ಆಮೇಲೆ ಬಾಟಲ್ ಜಾಕನ್ನು ಎತ್ತಿ ಆಟೋದ ಹಿಂದಿನ ಸೀಟಿನಲ್ಲಿಟ್ಟ. "ಇದನ್ನ ಗುಜರಿಗೆ ಹಾಕ್ಬುಡಿ ಸಾಬ್ರೆ," ಎಂದ. ಬೋರಯ್ಯ ತಡೆಯಲಿಲ್ಲ.

ಮಾನಸ ಕಣ್ಣೊರೆಸಿಕೊಂಡು ಬಂದು ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಮೆತ್ತಗೇನೂ ಎಬ್ಬಿಸಲಿಲ್ಲ. "ಬನ್ನಿ. ಇವತ್ತು ಎತ್ತೋರು ನೀವು."

"ನಾನಾ? ಬ್ಯಾಡ ಕಣೆ. ನನ್ ಕೈ ನೋಡು."

"ನಡುಗ್ಲಿ. ಹಿಡೀರಿ."

ಹಿಡಿಕೆ ತಣ್ಣಗಿತ್ತು. ಗಂಗಾಮಣಿ ಒತ್ತಿದಳು. ನಾಲ್ಕು ಸಲ ಒತ್ತಿದ ಮೇಲೆ ಜೀಪು ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಅವಳ ಕೈಯೊಳಗೇ ಜಾಕು ಮೆಲ್ಲಗೆ ಮುಂದಕ್ಕೆ ಸರಿಯಿತು. ಅವಳು ಹಿಡಿದೆಳೆಯಲು ಹೋದಳು. "ಬಿಡಿ ಅತ್ತೆ, ಹೋಗ್ಲಿ ಅದು," ಎಂದಳು ಮಾನಸ. ಬಿಟ್ಟಳು.  ಆಕ್ಸಲು ಬಟ್ಟಲಿನ ನಡುವೆಯೇ ಇತ್ತು. ನಟರಾಜ್ ಪಕ್ಕದಿಂದ ಕೈ ನೀಡಿ ಎರಡೂ ಸ್ಟ್ಯಾಂಡುಗಳನ್ನು ಚಾಸಿಸ್ಸಿನ ಅಡಿಗೆ ಕೊಟ್ಟ. ಮಾನಸ ಅತ್ತೆಯ ಕೈಯ ಮೇಲೆ ಕೈಯಿಟ್ಟು ಹಿಡಿಕೆಯನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಳು. ಜೀಪು ಇಳಿದು ಸ್ಟ್ಯಾಂಡುಗಳ ಮೇಲೆ ಕೂತಿತು.

ನಟರಾಜ್ ಗೋಣಿಚೀಲ ಹಾಸಿ ಮಲಗಲು ಹೋದ.

"ಇರಿ," ಎಂದಳು ಮಾನಸ. "ಅತ್ತೆ, ಇದನ್ನ ತಳ್ಳಿ."

"ಏನು?"

"ತಳ್ಳಿ ಬೀಳ್ಸೋಕೆ ನೋಡಿ. ಈಗ ಬಿದ್ರೆ ಬೀಳ್ಲಿ, ಅಡೀಲಿ ಯಾರೂ ಇಲ್ಲ."

ಗಂಗಾಮಣಿ ಜೀಪಿನ ಮಗ್ಗುಲಿಗೆ ಅಂಗೈ ಇಟ್ಟು ಸುಮ್ಮನೆ ಮುಟ್ಟಿದಂತೆ ಮಾಡಿದಳು.

"ಹಂಗಲ್ಲ. ನಿಜವಾಗ್ಲೂ ಬೀಳ್ಬೇಕು ಅನ್ನೋ ಹಂಗೆ."

ಅವಳು ಸೆರಗು ಸಿಕ್ಕಿಸಿದಳು. ಭುಜ ಕೊಟ್ಟಳು. ಹೆಬ್ಬೆರಳನ್ನು ಸಿಮೆಂಟಿಗೆ ಊರಿ, ಹಲ್ಲು ಕಚ್ಚಿ, ಇಷ್ಟು ದಿನದ ಭಯವನ್ನೆಲ್ಲ ಮೈಗೆ ತಂದುಕೊಂಡು ತಳ್ಳಿದಳು. ಕಿಟಕಿಯ ಗಾಜು ಕಟಕಟ ಎಂದಿತು. ಇನ್ನೊಂದು ಮಗ್ಗುಲಿಗೆ ಹೋಗಿ ಅಲ್ಲಿಂದಲೂ ತಳ್ಳಿದಳು. ಮುಂದೆ ಬಂದು ಬಂಪರು ಹಿಡಿದು ಎಳೆದಾಡಿದಳು. ಬೋರಯ್ಯ "ಸಾಕು ಕಣೆ" ಎಂದರೂ ಬಿಡಲಿಲ್ಲ. ಬೆವರು ಕಣ್ಣಿಗಿಳಿಯಿತು, ಬಳೆಯೊಂದು ಒಡೆದು ಬಿತ್ತು. ಸ್ಟ್ಯಾಂಡುಗಳು ಇಟ್ಟಲ್ಲಿಯೇ ಇದ್ದವು.

ನಟರಾಜ್ ಗೋಣಿಚೀಲದ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ. ಅವಳು ಏದುಸಿರು ಬಿಡುತ್ತ, ಒಂದು ಕೈ ಜೀಪಿನ ಮೇಲಿಟ್ಟುಕೊಂಡೇ ಮಗನ ಮುಖ ನೋಡಿದಳು.

"ಹೋಗು," ಎಂದಳು.